ಬಿಇ ಇಸಿ ಮಾಡಿದವಳಿಗೆ ಫಿಸಿಕ್ಸ್ ಪಿಎಚ್‌ಡಿ: ಓದದ ಬಿಎಸ್ಸಿಯನ್ನು ಎಲ್ಲಿಂದ ಶುರು ಮಾಡಲಿ?

ಹಿನ್ನೀರ_ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಸಾಗರ ತಾಲ್ಲೂಕಿನವಳು. 2022ರಲ್ಲಿ ವಿಟಿಯುನಿಂದ ಬಿಇ ಮುಗಿಸಿದೆ, ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಬ್ರಾಂಚ್. ಈಗ ಬೆಂಗಳೂರಲ್ಲಿ ಬೋರ್ಡ್ ಟೆಸ್ಟಿಂಗ್ ಕೆಲಸ. ಬೆಳಗಿಂದ ಸಂಜೆವರೆಗೆ ಸ್ಪೆಕ್ಟ್ರಂ ಅನಲೈಸರ್ ಮುಂದೆ ಕೂತಿರುತ್ತೇನೆ. ಕೆಲಸ ಕೆಟ್ಟದ್ದೇನಲ್ಲ. ಆದರೆ ತಲೆಗೆ ಬೇರೆ ಹುಳ ಹೊಕ್ಕಿದೆ.

ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ (ಆರ್‌ಆರ್‌ಐ) ನವರು ಸರಸ್ 3 ಅನ್ನೋ ರೇಡಿಯೊ ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಲ್ಲೂ ತೇಲಿಬಿಟ್ಟು ಅಳತೆ ತೆಗೆದಿದ್ದರು. ನಾವು ಲಾಂಚ್‌ನಲ್ಲಿ ದಾಟುತ್ತಿದ್ದ ಅದೇ ಹಿನ್ನೀರು! ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್‌ನ ಗುರುತು 78 ಮೆಗಾಹರ್ಟ್ಸ್ ಹತ್ತಿರ ಸಿಕ್ಕಿದೆ ಅಂತ 2018ರಲ್ಲಿ ಎಡ್ಜಸ್ ಅನ್ನೋ ಇನ್ನೊಂದು ರೇಡಿಯೊ ಪ್ರಯೋಗದ ತಂಡ ಹೇಳಿತ್ತಲ್ಲ, ಅದು ಸರಸ್‌ನ ಅಳತೆಯಲ್ಲಿ ಕಾಣಲೇ ಇಲ್ಲ. 2022ರಲ್ಲಿ ನೇಚರ್ ಅಸ್ಟ್ರಾನಮಿಯಲ್ಲಿ ಪ್ರಬಂಧ ಬಂತು. ಅದನ್ನು ಇಳಿಸಿಕೊಂಡು ಓದಲು ಕೂತೆ. ಆಂಟೆನಾ, ರಿಸೀವರ್, ಕ್ಯಾಲಿಬ್ರೇಶನ್ ಬಗ್ಗೆ ಬರೆದಿದ್ದು ಅರ್ಥವಾಯಿತು. ಹೈಡ್ರೋಜನ್ ಆ ಕಾಲದಲ್ಲಿ ಯಾಕೆ ಹಾಗೆ ನಡೆದುಕೊಳ್ಳುತ್ತದೆ ಅನ್ನೋ ಭಾಗ ಬಂದ ಕೂಡಲೇ ಮುಳುಗಿದೆ. ಸ್ಪಿನ್ ಟೆಂಪರೇಚರ್ ಅಂತೆ. ಸ್ಪಿನ್ ಗೊತ್ತು, ಟೆಂಪರೇಚರ್ ಗೊತ್ತು, ಎರಡೂ ಸೇರಿದರೆ ಏನು ಅಂತ ಗೊತ್ತಿಲ್ಲ.

ನಾನು ಓದಿರುವ ಫಿಸಿಕ್ಸ್ ಇಷ್ಟೇ. ಪಿಯುಸಿ. ಮೊದಲ ವರ್ಷದ ಫಿಸಿಕ್ಸ್ ಸೈಕಲ್‌ನಲ್ಲಿ ಒಂದು ಪೇಪರ್. ಅದರಲ್ಲಿ ಶ್ರೋಡಿಂಗರ್ ಸಮೀಕರಣ, ಬಾಕ್ಸ್‌ನೊಳಗಿನ ಕಣ, ಲೇಸರ್, ಒಂದಿಷ್ಟು ಮೆಟೀರಿಯಲ್ ಸೈನ್ಸ್. ಆಮೇಲೆ ಬ್ರಾಂಚ್‌ನಲ್ಲಿ ಎಲೆಕ್ಟ್ರೋಮ್ಯಾಗ್ನೆಟಿಕ್ಸ್, ಮೈಕ್ರೋವೇವ್. ಗಣಿತ ನಾಲ್ಕೂ ಸೆಮ್ ಇತ್ತು. ಲಗ್ರಾಂಜಿಯನ್ ಅನ್ನೋ ಹೆಸರನ್ನು ಕ್ಲಾಸಿನಲ್ಲಿ ಕೇಳಿಯೇ ಇಲ್ಲ. ಥರ್ಮೋಡೈನಮಿಕ್ಸ್ ಪಿಯುಸಿಗೇ ಮುಗಿಯಿತು. ಮೇಲಾಗಿ ನಾವು ಕೋವಿಡ್ ಬ್ಯಾಚ್, ಲ್ಯಾಬ್ ಅರ್ಧಕ್ಕರ್ಧ ವಿಡಿಯೊದಲ್ಲೇ ನಡೆಯಿತು.

ಕೇಳಬೇಕಾಗಿದ್ದು ಏನಂದ್ರೆ, ಮತ್ತೆ ಮೂರು ವರ್ಷ ಬಿಎಸ್ಸಿಗೆ ಸೇರಬೇಕಾ? ಅಥವಾ ಎಂಎಸ್ಸಿಯಾ? ಬಿಇ ಇಟ್ಟುಕೊಂಡೇ ಪಿಎಚ್‌ಡಿಗೆ ಹೋಗಬಹುದು ಅಂತ ಒಬ್ಬರು ಹೇಳಿದರು, ನಿಜವಾ? ಕೆಲಸದ ಜೊತೆಗೆ ಓದೋದಾದರೆ ಏನು ಓದಲಿ, ಏನು ಬಿಡಲಿ? ಬಿಎಸ್ಸಿ ಸಿಲಬಸ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ. ನೋಡಿದರೇ ಸುಸ್ತಾಗುತ್ತದೆ.

ಮನೆಯಲ್ಲಿ ಅಪ್ಪ "ಬಿಇ ಆಗಿ ಮತ್ತೆ ಓದೋದಾ" ಅಂತ ಒಂದೇ ಮಾತು ಹೇಳಿ ತೋಟಕ್ಕೆ ಹೋದರು. ಅದು ಬೇಡ ಅಂತಲಾ, ಮಾಡು ಅಂತಲಾ, ಇನ್ನೂ ಗೊತ್ತಾಗಿಲ್ಲ.

ಆಂಟೆನಾ_ಅಣ್ಣ

ಮೊದಲು ಆ ಪ್ರಿಂಟ್ ಗೋಡೆಯಿಂದ ತೆಗೀರಿ.

ನಾನೂ ಇಸಿ ಬಿಇ ಮಾಡಿ ಈ ಕಡೆ ಬಂದವನು, ಈಗ ರೇಡಿಯೊ ಖಗೋಳದಲ್ಲಿ ಪಿಎಚ್‌ಡಿ. ಹಾಗಾಗಿ ಸ್ವಲ್ಪ ಅಧಿಕಾರದಿಂದಲೇ ಹೇಳುತ್ತೇನೆ: ಬಿಎಸ್ಸಿಯನ್ನು ಪೂರ್ತಿ ತುಂಬಿಕೊಳ್ಳಲು ಹೋಗಬೇಡಿ. ಬಿಎಸ್ಸಿ ಮಾಡಿದವರಿಗೂ ಅದರಲ್ಲಿ ಅರ್ಧ ನೆನಪಿರಲ್ಲ. ಪ್ರವೇಶ ಪರೀಕ್ಷೆಯಾಗಲಿ ಸಂದರ್ಶನವಾಗಲಿ, ನೋಡೋದು ನಾಲ್ಕೇ ವಿಷಯ. ಕ್ಲಾಸಿಕಲ್ ಮೆಕ್ಯಾನಿಕ್ಸ್, ಎಲೆಕ್ಟ್ರೋಮ್ಯಾಗ್ನೆಟಿಸಂ, ಕ್ವಾಂಟಂ, ಥರ್ಮಲ್ ಮತ್ತು ಸ್ಟ್ಯಾಟಿಸ್ಟಿಕಲ್. ಅವುಗಳ ಕೆಳಗೆ ಗಣಿತ. ಉಳಿದಿದ್ದೆಲ್ಲ ಬೇಕಾದಾಗ ಓದಿಕೊಳ್ಳುವಂಥದ್ದು. ಆಪ್ಟಿಕ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅಲೆ ನಿಮಗೆ ಚೆನ್ನಾಗೇ ಗೊತ್ತು. ಎಲೆಕ್ಟ್ರಾನಿಕ್ಸ್‌ನ ಪ್ರಶ್ನೆ ಬಂದರೆ ಅದು ನಿಮಗೆ ಬಿಟ್ಟಿ ಮಾರ್ಕ್ಸ್.

ಅರ್ಹತೆಯ ವಿಷಯ. ಟಿಐಎಫ್‌ಆರ್ (ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ), ಆರ್‌ಆರ್‌ಐ, ಐಯುಸಿಎಎ (ಪುಣೆಯ ಖಗೋಳ ಸಂಸ್ಥೆ) ಇಂಥ ಕಡೆ ಬಿಇ ಆದವರೂ ಅರ್ಜಿ ಹಾಕುತ್ತಾರೆ, ಸೇರುತ್ತಾರೆ. ಟಿಐಎಫ್‌ಆರ್‌ಗೆ ಅದರದ್ದೇ ಪರೀಕ್ಷೆ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಪುಣೆಯ ರೇಡಿಯೊ ಖಗೋಳ ಕೇಂದ್ರ ಎನ್‌ಸಿಆರ್‌ಎ ಕೂಡ ಅದರ ಕೆಳಗೇ ಬರುತ್ತದೆ. ಖೋಡದ್‌ನಲ್ಲಿ 45 ಮೀಟರ್‌ನ 30 ಡಿಶ್‌ಗಳ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇರುವುದು ಅವರದ್ದೇ. ಉಳಿದ ಬಹಳಷ್ಟು ಕಡೆ ಜೆಸ್ಟ್ ಅಥವಾ ಗೇಟ್ ಫಿಸಿಕ್ಸ್ ಅನ್ನೋ ಪ್ರವೇಶ ಪರೀಕ್ಷೆಗಳ ಅಂಕ ಕೇಳುತ್ತಾರೆ. ಬಿಇ ಇಸಿ ಓದಿದವರು ಗೇಟ್‌ನಲ್ಲಿ ಫಿಸಿಕ್ಸ್ ಪೇಪರ್ ಬರೆಯಬಾರದು ಅಂತ ಎಲ್ಲೂ ಇಲ್ಲ. ಆಯಾ ವರ್ಷದ ಪ್ರಕಟಣೆಯನ್ನು ಮಾತ್ರ ಪೂರ್ತಿ ಓದಿ. ಯಾವ ಬ್ರಾಂಚ್, ಎಷ್ಟು ಪರ್ಸೆಂಟ್ ಅನ್ನೋದು ಒಂದೊಂದು ಕಡೆ ಒಂದೊಂದು ಥರ.

ಈಗ ಓದಿನ ವಿಷಯಕ್ಕೆ ಬರೋಣ. ನಿಮ್ಮ ಪೋಸ್ಟ್ ಓದಿದರೆ ನೀವು ಹೊಸ ಊರಿಗೆ ಹೊರಟವರ ಥರ ಹೆದರಿದ್ದೀರಿ. ಆ ಊರಿನ ಅರ್ಧ ಬೀದಿ ನಿಮಗೆ ಆಗಲೇ ಗೊತ್ತು, ಬೋರ್ಡ್ ಮಾತ್ರ ಬೇರೆ.

ಮೈಕ್ರೋವೇವ್ ಲ್ಯಾಬ್‌ನ ಎಕ್ಸ್-ಬ್ಯಾಂಡ್ ಬೆಂಚ್ ತಗೊಳ್ಳಿ. ಆ ಆಯತಾಕಾರದ ಕೊಳವೆಯ ಒಳಗಿನ ಅಗಲ 22.86 ಮಿಲಿಮೀಟರ್. ಬೆಳಕಿನ ವೇಗವನ್ನು ಆ ಅಗಲದ ಎರಡರಷ್ಟರಿಂದ ಭಾಗಿಸಿದರೆ 6.56 ಗಿಗಾಹರ್ಟ್ಸ್, ಅಂದರೆ ಕಟ್‌ಆಫ್, ಇದಕ್ಕಿಂತ ಕಡಿಮೆ ಆವರ್ತನ ಒಳಗೆ ಹರಿಯಲ್ಲ. ಯಾಕೆ ಅದು ಬರುತ್ತದೆ? ಅಡ್ಡಡ್ಡಲಾಗಿ ಅರ್ಧ ಅಲೆ ಸರಿಯಾಗಿ ಕೂರಬೇಕು, ಎರಡೂ ಗೋಡೆಯಲ್ಲಿ ಸೊನ್ನೆಯಾಗಬೇಕು. ಫಿಸಿಕ್ಸ್ ಸೈಕಲ್‌ನಲ್ಲಿ ಬಾಯಿಪಾಠ ಮಾಡಿದ ಬಾಕ್ಸ್‌ನೊಳಗಿನ ಕಣಕ್ಕೂ ಇದೇ ಷರತ್ತು, ಇದೇ ಸೈನ್ ಅಲೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಎರಡು ಅಗಲ ಕೊಳವೆಗಳ ನಡುವೆ ಒಂದು ಕಿರಿದಾದ ತುಂಡು ಸೇರಿಸಿ. ನೀವು ಕೊಡುವ ಆವರ್ತನ ಆ ತುಂಡಿನ ಕಟ್‌ಆಫ್‌ಗಿಂತ ಕಡಿಮೆ ಇರಲಿ. ತುಂಡಿನೊಳಗೆ ಅಲೆ ಹರಿಯಲ್ಲ, ಸವೆಯುತ್ತಾ ಹೋಗುತ್ತದೆ. ಆದರೆ ತುಂಡು ಗಿಡ್ಡ ಇದ್ದರೆ ಆಚೆ ಕಡೆ ಸ್ವಲ್ಪ ಪವರ್ ಬಂದೇ ಬರುತ್ತದೆ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ, ಪಕ್ಕದಲ್ಲೇ ಕ್ವಾಂಟಂ ಪುಸ್ತಕದ ಟನೆಲಿಂಗ್ ಲೆಕ್ಕ ಇಟ್ಟು ನೋಡಿ. ಸಾಲಿಗೆ ಸಾಲು ಹೊಂದುತ್ತದೆ. ಹೊಸದಾಗಿ ಕಲಿಯಬೇಕಾಗಿದ್ದು ಒಂದೇ: ಇಲ್ಲಿ ಅಲೆಯ ವರ್ಗ ಅಂದರೆ ಪವರ್, ಅಲ್ಲಿ ಸಂಭವನೀಯತೆ.

ಅನಿಶ್ಚಿತತೆಯ ತತ್ವವೂ ಹಾಗೇ. ಪಲ್ಸ್ ಚಿಕ್ಕದಾದಷ್ಟೂ ಬ್ಯಾಂಡ್‌ವಿಡ್ತ್ ಜಾಸ್ತಿ ಅನ್ನೋದು ನಿಮಗೆ ದಿನನಿತ್ಯದ ಮಾತು. ಅದಕ್ಕೆ ಎಚ್-ಬಾರ್ (ಪ್ಲಾಂಕ್ ಸ್ಥಿರಾಂಕದ ಒಂದು ರೂಪ) ಗುಣಿಸಿದರೆ ಹೈಸನ್‌ಬರ್ಗ್.

ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್‌ಗೆ ನಿಮ್ಮ ಬಾಗಿಲು ರೆಸಿಸ್ಟರ್ ನಾಯ್ಸ್. 1 ಕಿಲೋಓಮ್, 300 ಕೆಲ್ವಿನ್, 1 ಮೆಗಾಹರ್ಟ್ಸ್ ಬ್ಯಾಂಡ್ ಇದ್ದರೆ ಸುಮಾರು 4 ಮೈಕ್ರೋವೋಲ್ಟ್. ಸೂತ್ರ ಹಾಕಿ ತೆಗೆಯೋದು ನಿಮಗೆ ಗೊತ್ತು. ಆದರೆ ಆ ಸೂತ್ರದೊಳಗೆ ಬೋಲ್ಟ್ಸ್‌ಮನ್ ಸ್ಥಿರಾಂಕ ಯಾಕೆ ಬಂತು ಅಂತ ಯಾರಾದರೂ ಕೇಳಿದ್ದರಾ? ನೈಕ್ವಿಸ್ಟ್ 1928ರಲ್ಲಿ ಅದನ್ನು ತೆಗೆದ ರೀತಿ ಓದಿ. ಒಂದು ಟ್ರಾನ್ಸ್‌ಮಿಶನ್ ಲೈನ್, ಎರಡು ತುದಿಗೆ ಎರಡು ರೆಸಿಸ್ಟರ್, ಒಳಗಿನ ಪ್ರತಿ ಮೋಡ್‌ಗೂ ಕೆಟಿಯಷ್ಟು (ಬೋಲ್ಟ್ಸ್‌ಮನ್ ಸ್ಥಿರಾಂಕ ಗುಣಿಸು ಉಷ್ಣತೆ) ಶಕ್ತಿ. ಇಷ್ಟರಲ್ಲೇ ಈಕ್ವಿಪಾರ್ಟಿಶನ್ ಬಂತು, ಮೋಡ್ ಎಣಿಸೋದು ಬಂತು. ಅಲ್ಲಿಂದ ಪ್ಲಾಂಕ್‌ನ ಬ್ಲ್ಯಾಕ್‌ಬಾಡಿಗೆ ಎರಡೇ ಹೆಜ್ಜೆ.

ನಿಜವಾಗಿ ಕಷ್ಟ ಇರೋದು ಮೆಕ್ಯಾನಿಕ್ಸ್‌ನಲ್ಲಿ. ಎಲ್ಲರೂ ಕ್ವಾಂಟಂಗೆ ಹೆದರುತ್ತಾರೆ, ಇಸಿಯವರು ಮುಗ್ಗರಿಸೋದು ಲಗ್ರಾಂಜಿಯನ್‌ನಲ್ಲಿ, ಅಂದರೆ ಬಲದ ಬದಲು ಚಲನಶಕ್ತಿಯಿಂದ ಸ್ಥಿತಿಶಕ್ತಿ ಕಳೆದು ಅದರಿಂದ ಚಲನೆ ತೆಗೆಯುವ ವಿಧಾನದಲ್ಲಿ. ಅದಿಲ್ಲದೆ ಹ್ಯಾಮಿಲ್ಟೋನಿಯನ್ ಇಲ್ಲ, ಹ್ಯಾಮಿಲ್ಟೋನಿಯನ್ ಇಲ್ಲದೆ ಮುಂದಿನ ಕ್ವಾಂಟಂ ಸುಮ್ನೆ ಮಂತ್ರ. ಹಾಗಾಗಿ ಶುರು ಮಾಡೋದು ಅಲ್ಲಿಂದ. ಒಂದು ಲೆಕ್ಕ ಕೊಡುತ್ತೇನೆ. ನೆಟ್ಟಗೆ ನಿಂತ ಒಂದು ಬಳೆ, 10 ಸೆಂಟಿಮೀಟರ್ ತ್ರಿಜ್ಯ, ಒಳಗೆ ಜಾರುವ ಮಣಿ. ಬಳೆಯನ್ನು ಅದರ ಲಂಬ ವ್ಯಾಸದ ಸುತ್ತ ತಿರುಗಿಸಿ. ನಿಧಾನಕ್ಕೆ ತಿರುಗಿಸಿದರೆ ಮಣಿ ತಳದಲ್ಲೇ ಕೂತಿರುತ್ತದೆ. ಒಂದು ವೇಗ ದಾಟಿದ ಮೇಲೆ ತಾನೇ ಮೇಲೇರಿ ಬದಿಯಲ್ಲಿ ನಿಲ್ಲುತ್ತದೆ. ಆ ವೇಗ ಎಷ್ಟು? ಲಗ್ರಾಂಜಿಯನ್ ಬರೆದೇ ತೆಗೀಬೇಕು, ಎಲ್ಲಿಂದಲೋ ನೋಡಿಕೊಂಡಲ್ಲ. ಉತ್ತರ ನಿಮಿಷಕ್ಕೆ 95 ಸುತ್ತಿನ ಹತ್ತಿರ ಬರಬೇಕು. ಬಂದ ಮೇಲೆ ತಳದ ಬಿಂದುವಿನ ಸುತ್ತ ಸಮೀಕರಣವನ್ನು ಲೀನಿಯರ್ ಮಾಡಿ, ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಮಾಡಿದ ಹಾಗೆ ಪೋಲ್‌ಗಳನ್ನು ಗುರುತಿಸಿ. ವೇಗ ಹೆಚ್ಚಿದಂತೆ ಅವು ಎಲ್ಲಿಂದ ಎಲ್ಲಿಗೆ ಸರಿಯುತ್ತವೆ ನೋಡಿ. ಆಮೇಲೆ ಇಲ್ಲಿ ಬಂದು ಹೇಳಿ.

ಪುಸ್ತಕ ರಾಶಿ ಹಾಕಬೇಡಿ. ಕ್ವಾಂಟಂಗೆ ಗ್ರಿಫಿತ್ಸ್ ಸಾಕು. ಎರಡನೇ ಅಧ್ಯಾಯದಲ್ಲೇ ಬಾಕ್ಸ್, ಆಸಿಲೇಟರ್, ಫ್ರೀ ಪಾರ್ಟಿಕಲ್ ಎಲ್ಲ ಸಿಗುತ್ತವೆ. ನಾಲ್ಕನೆಯದರಲ್ಲಿ ಹೈಡ್ರೋಜನ್, ಸ್ಪಿನ್. ಕೇಳಲು ಐಐಟಿ ಮದ್ರಾಸ್‌ನ ವಿ. ಬಾಲಕೃಷ್ಣನ್ ಅವರ ಎನ್‌ಪಿಟೆಲ್ ಉಪನ್ಯಾಸಗಳಿವೆ, ದುಡ್ಡೇನೂ ಕೊಡಬೇಕಿಲ್ಲ. ಕೇಳುತ್ತಾ ಇದ್ದರೆ ಎಲ್ಲ ಅರ್ಥವಾದ ಹಾಗೇ ಅನಿಸುತ್ತದೆ, ಅದೇ ಅದರ ಅಪಾಯ. ವಿಡಿಯೊ ನಿಲ್ಲಿಸಿ, ಹಾಳೆ ತಗೊಂಡು, ಮುಂದಿನ ಸಾಲು ನೀವೇ ಬರೀರಿ.

ಲೆಕ್ಕದ_ಮನುಷ್ಯ

ಫಿಸಿಕ್ಸ್ ನನಗೆ ಗೊತ್ತಿಲ್ಲ, ದುಡ್ಡಿನ ಮಾತು ಹೇಳುತ್ತೇನೆ. ಪಿಎಚ್‌ಡಿ ಮಾಡುವವರಿಗೆ ಸಿಗುವ ಫೆಲೋಶಿಪ್ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ ಎಸ್‌ಆರ್‌ಎಫ್ ಆದರೆ 42,000. ಹಾಸ್ಟೆಲ್ ಸಿಕ್ಕರೆ ಒಬ್ಬರಿಗೆ ಸಾಕಾಗುತ್ತದೆ. ಎಜುಕೇಶನ್ ಲೋನ್ ಇದ್ದರೆ ಅದನ್ನು ಕೆಲಸದಲ್ಲಿದ್ದಾಗಲೇ ತೀರಿಸಿಕೊಳ್ಳಿ. ಫೆಲೋಶಿಪ್ ಹಣ ಕೆಲವು ಸಲ ತಡವಾಗಿ, ಒಟ್ಟಿಗೆ ಬರುತ್ತದೆ, ನನ್ನ ತಮ್ಮನ ಅನುಭವ. ಕೆಲವು ತಿಂಗಳ ಖರ್ಚು ಬೇರೆ ಎತ್ತಿಟ್ಟು ಹೊರಡಿ.

ಅಪ್ಪ ತೋಟಕ್ಕೆ ಹೋದರು ಅಂದರೆ ಬೇಡ ಅಂತ ಅಲ್ಲ. ಬೇಡ ಅನ್ನೋದಾಗಿದ್ದರೆ ಅಲ್ಲೇ ಕೂತು ಹೇಳುತ್ತಿದ್ದರು.

ಚಾಕ್‌ಪೀಸ್_ಮೇಡಂ

ನಾನು ಧಾರವಾಡ ಕಡೆ ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಮೇಲಿನ ಸರ್ ಬರೆದಿದ್ದು ಚಂದ ಇದೆ, ನಮ್ಮ ಹುಡುಗರಿಗೂ ಆ ಕೊಳವೆಯ ಉದಾಹರಣೆ ಹೇಳುತ್ತೇನೆ. ಆದರೂ ಎರಡು ಮಾತು ಸೇರಿಸಬೇಕು.

ಒಂದು, ಈ ಹೋಲಿಕೆ ಒಂದು ಹಂತದವರೆಗೆ ಮಾತ್ರ ಕೈ ಹಿಡಿಯುತ್ತದೆ ನೋಡ್ರಿ. ಎರಡು ಎಲೆಕ್ಟ್ರಾನ್‌ಗಳನ್ನು ಅದಲುಬದಲು ಮಾಡಿದರೆ ಅಲೆಯ ಚಿಹ್ನೆ ಯಾಕೆ ಬದಲಾಗುತ್ತದೆ? ಇದಕ್ಕೆ ಇಸಿಯಲ್ಲಿ ಯಾವ ಜೋಡಿಯೂ ಸಿಗುವುದಿಲ್ಲ. ಸ್ಪಿನ್‌ಗೂ ಇಲ್ಲ, ಎಂಟ್ರೋಪಿಗೂ ಪೂರ್ತಿ ಇಲ್ಲ. ಅಲ್ಲಿ ಕೈಕಟ್ಟಿ ಕೂತು ಮೊದಲಿಂದ ಕಲಿಯಬೇಕು. ಬಿಎಸ್ಸಿ ಮಾಡಿದವರಿಗೆ ಸಿಕ್ಕ ಲಾಭ ಅದೇ. ಅವರು ಈ ವಿಚಿತ್ರಗಳ ಜೊತೆ ಸೆಮಿಸ್ಟರ್‌ಗಟ್ಟಲೆ ಇದ್ದು, ಅವುಗಳಿಗೆ ಒಗ್ಗಿಕೊಂಡಿರುತ್ತಾರೆ.

ನೀವು ಸಿಕ್ಕಿಬಿದ್ದ ಸ್ಪಿನ್ ಟೆಂಪರೇಚರ್ ಅನ್ನೇ ತಗೊಳ್ಳೋಣ. ಹೈಡ್ರೋಜನ್‌ನಲ್ಲಿ ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಸ್ಪಿನ್ ಒಂದೇ ದಿಕ್ಕಿಗಿದ್ದರೆ ಶಕ್ತಿ ಚೂರು ಜಾಸ್ತಿ, ಎದುರುಬದುರಾಗಿದ್ದರೆ ಚೂರು ಕಡಿಮೆ. ಮೇಲಿನ ಮಟ್ಟದಿಂದ ಕೆಳಗೆ ಬಿದ್ದಾಗ ಹೊರಡೋದೇ 21 ಸೆಂಟಿಮೀಟರ್ ಅಲೆ, 1420 ಮೆಗಾಹರ್ಟ್ಸ್. ಮೇಲೆ ಎಷ್ಟು ಪರಮಾಣು, ಕೆಳಗೆ ಎಷ್ಟು ಅನ್ನೋ ಅನುಪಾತವನ್ನು ಬೋಲ್ಟ್ಸ್‌ಮನ್ ಸೂತ್ರಕ್ಕೆ ಹಾಕಿ ಉಷ್ಣತೆ ತೆಗೆದರೆ ಅದೇ ಸ್ಪಿನ್ ಟೆಂಪರೇಚರ್. ಥರ್ಮಾಮೀಟರ್ ಇಟ್ಟು ಅಳೆಯುವಂಥದ್ದಲ್ಲ, ಎಣಿಕೆಯ ಇನ್ನೊಂದು ರೂಪ ಅಷ್ಟೇ. ಇದು ಹಿನ್ನೆಲೆಯ ಮೈಕ್ರೋವೇವ್ ವಿಕಿರಣದ ಉಷ್ಣತೆಗಿಂತ ಕಡಿಮೆ ಇದ್ದರೆ ಹೈಡ್ರೋಜನ್ ಆ ವಿಕಿರಣವನ್ನು ಹೀರುತ್ತದೆ, ಸ್ಪೆಕ್ಟ್ರಂನಲ್ಲಿ ಒಂದು ತಗ್ಗು ಕಾಣುತ್ತದೆ. ಇನ್ನು 1420 ಯಾಕೆ 78 ಆಯಿತು? ವಿಶ್ವ ಹಿಗ್ಗಿದ್ದಕ್ಕೆ. ಭಾಗಿಸಿ ನೋಡಿ, 18ರ ಹತ್ತಿರ ಬರುತ್ತದೆ. ಅಲೆ ಅಷ್ಟು ಪಟ್ಟು ಎಳೆದುಕೊಂಡಿದೆ. ನೋಡಿ, ಆ ಪ್ರಬಂಧದ ಆ ಭಾಗ ಓದಲು ನಿಮಗೆ ಕಡಿಮೆ ಬಿದ್ದಿದ್ದು ಒಂದು ಇಡೀ ಡಿಗ್ರಿ ಅಲ್ಲ, ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್‌ನ ಮೊದಲ ಎರಡು ಅಧ್ಯಾಯ.

ಎರಡನೇ ಮಾತು ಕಾಗದಪತ್ರದ್ದು. ಎಂಎಸ್ಸಿ ದಾರಿ ಹಿಡಿಯೋದಾದರೆ ಹುಷಾರು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಂಎಸ್ಸಿ ಫಿಸಿಕ್ಸ್‌ಗೆ ಸಾಮಾನ್ಯವಾಗಿ ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿರಬೇಕು ಅನ್ನುತ್ತಾರೆ. ಐಐಟಿಗಳ ಎಂಎಸ್ಸಿಗೆ ಜ್ಯಾಮ್ ಪರೀಕ್ಷೆ ಯಾರು ಬೇಕಾದರೂ ಬರೆಯಬಹುದು, ಆದರೆ ಸೀಟು ಕೊಡುವಾಗ ಆಯಾ ಸಂಸ್ಥೆಯ ಷರತ್ತು ಬೇರೆ ಇರುತ್ತದೆ. ಡಿಗ್ರಿಯಲ್ಲಿ ಇಷ್ಟು ಸೆಮಿಸ್ಟರ್ ಫಿಸಿಕ್ಸ್ ಇರಬೇಕು ಅಂತ ಕೇಳುವವರಿದ್ದಾರೆ. ರ‍್ಯಾಂಕ್ ಬಂದು ಸೀಟು ತಪ್ಪಿದರೆ ಹೊಟ್ಟೆ ಉರಿಯುತ್ತದೆ. ಪರೀಕ್ಷೆ ಶುಲ್ಕ ಕಟ್ಟುವ ಮೊದಲೇ ಇಮೇಲ್ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ.

ಬಿಎಸ್ಸಿಗೆ ಮತ್ತೆ ಸೇರೋದು ಬೇಡವೇ ಬೇಡ.

ಲ್ಯಾಬ್ ವಿಡಿಯೊದಲ್ಲಿ ನಡೆಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಆ ವರ್ಷಗಳಲ್ಲಿ ನಮ್ಮ ಬಿಎಸ್ಸಿ ಹುಡುಗರದ್ದೂ ಅದೇ ಕಥೆ. ನಿಮ್ಮ ಕೈಯಲ್ಲಿ ಈಗ ದಿನವಿಡೀ ಸ್ಪೆಕ್ಟ್ರಂ ಅನಲೈಸರ್ ಇದೆ. ಒಂದು ಅಳತೆ ತೆಗೆದಾಗ ಅದರ ದೋಷ ಎಷ್ಟು, ಯಾವುದರಿಂದ ಬಂತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುವ ಅಭ್ಯಾಸ ಮಾಡಿ. ಕಂಪನಿ ಡೇಟಾ ಬೇಡ, ಅಳತೆಯ ವಿಧಾನ ಸಾಕು.

ಹಿನ್ನೀರ_ಹುಡುಗಿ

ಮೇಡಂ, ಸ್ಪಿನ್ ಟೆಂಪರೇಚರ್ ಬಗ್ಗೆ ಬರೆದಿದ್ದನ್ನು ಬಸ್ಸಿನಲ್ಲಿ ಓದಿ ನಗು ಬಂತು. ಇಷ್ಟೇನಾ ಅನಿಸಿತು. ಸಿಲಬಸ್ ಗೋಡೆಯಿಂದ ತೆಗೆದೆ. ಜಾಗ ಖಾಲಿ ಕಾಣುತ್ತದೆ ಅಂತ ರೂಮ್‌ಮೇಟ್ ಅಲ್ಲಿ ಕ್ಯಾಲೆಂಡರ್ ಹಾಕಿದ್ದಾಳೆ.

ಇನ್ನೆರಡು ಪ್ರಶ್ನೆ. ಅರ್ಜಿಗೆ ಶಿಫಾರಸು ಪತ್ರ ಕೇಳುತ್ತಾರಲ್ಲ, ನನ್ನನ್ನು ಬಲ್ಲ ಫಿಸಿಕ್ಸ್ ಮೇಷ್ಟ್ರು ಒಬ್ಬರೂ ಇಲ್ಲ. ಕಾಲೇಜಿನಲ್ಲಿ ಕೇಳಿದರೆ ಒಂದು ಸಿದ್ಧ ನಮೂನೆ ಇದೆ, ಹೆಸರು ತುಂಬಿ ತಗೊಂಡು ಬಾ ಅಂದರು. ಅದು ಉಪಯೋಗಕ್ಕೆ ಬರುತ್ತಾ? ಮತ್ತೆ, ಸಂದರ್ಶನದಲ್ಲಿ ಏನು ಕೇಳುತ್ತಾರೆ? ಬಿಇ ಅಂತ ಕನಿಕರ ತೋರಿಸುತ್ತಾರಾ, ಇನ್ನೂ ಜಾಸ್ತಿ ಹುರಿಯುತ್ತಾರಾ?

ಆಂಟೆನಾ_ಅಣ್ಣ

ಮೇಡಂ ಹೇಳಿದ್ದು ಸರಿ, ಸ್ಪಿನ್‌ಗೆ ಅಡ್ಡದಾರಿ ಇಲ್ಲ. ಒಪ್ಪಿದೆ.

ನಮೂನೆ ಪತ್ರ ಬೇಡ. ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ನಿಮ್ಮ ಪ್ರಾಜೆಕ್ಟ್ ಗೈಡ್ ಅಥವಾ ಈಗಿನ ಟೀಮ್ ಲೀಡ್, ಯಾರು ನಿಮ್ಮ ಕೆಲಸ ಕಣ್ಣಾರೆ ನೋಡಿದ್ದಾರೋ ಅವರಿಂದ ಒಂದು ಬರೆಸಿ. "ಈ ಹುಡುಗಿ ಇಂಥ ಬೋರ್ಡ್‌ನಲ್ಲಿ ಇಂಥ ಸ್ಪರ್ (ಬೇಡದ ಸಿಗ್ನಲ್) ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿದಳು" ಅನ್ನೋ ಒಂದು ವಾಕ್ಯಕ್ಕೆ ಇರುವ ಬೆಲೆ "ಶ್ರಮಜೀವಿ, ವಿನಯವಂತೆ" ಅನ್ನೋದಕ್ಕಿಲ್ಲ. ಇನ್ನೊಂದು ಪತ್ರವನ್ನು ಸಂಪಾದಿಸಬೇಕು. ಆರ್‌ಆರ್‌ಐನಲ್ಲಿ ವಿಸಿಟಿಂಗ್ ಸ್ಟೂಡೆಂಟ್ ಅಂತ ಒಂದು ಕಾರ್ಯಕ್ರಮ ಇದೆ, ಟಿಐಎಫ್‌ಆರ್‌ನಲ್ಲಿ ಅಂಥದ್ದೇ ವಿಎಸ್‌ಆರ್‌ಪಿ ಇದೆ. ಓದು ಮುಗಿಸಿ ಕೆಲಸದಲ್ಲಿರುವವರನ್ನು ತಗೋತಾರಾ ಅಂತ ಷರತ್ತು ನೋಡಿ. ಅದು ಆಗದಿದ್ದರೆ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗಳ ಮೇಲೆ ಕಣ್ಣಿಡಿ. ರೇಡಿಯೊ ಖಗೋಳದ ಲ್ಯಾಬ್‌ಗಳಿಗೆ ರಿಸೀವರ್ ಬೋರ್ಡ್ ಮುಟ್ಟಿ ಅಭ್ಯಾಸ ಇರುವವರು ಬೇಕೇ ಬೇಕು, ಫಿಸಿಕ್ಸ್ ಎಂಎಸ್ಸಿ ಮಾಡಿದವರಲ್ಲಿ ಅಂಥವರು ಕಡಿಮೆ. ನೀವು ಕೊರತೆ ಅಂದುಕೊಂಡಿರೋದೇ ಅಲ್ಲಿ ನಿಮ್ಮ ಟಿಕೆಟ್. ಐಐಎಸ್‌ಸಿಯ ಇನ್‌ಸ್ಟ್ರುಮೆಂಟೇಶನ್ ಅಂಡ್ ಅಪ್ಲೈಡ್ ಫಿಸಿಕ್ಸ್ ವಿಭಾಗವನ್ನೂ ಪಟ್ಟಿಗೆ ಸೇರಿಸಿ, ಎಂಜಿನಿಯರ್‌ಗಳಿಗೆ ಅದು ಪರಕೀಯ ಜಾಗ ಅಲ್ಲ.

ಸಂದರ್ಶನ. ಕನಿಕರವೂ ಇಲ್ಲ, ಹುರಿಯೋದೂ ಇಲ್ಲ. ಬೋರ್ಡ್ ಮುಂದೆ ನಿಲ್ಲಿಸಿ ಚಾಕ್ ಕೈಗೆ ಕೊಡುತ್ತಾರೆ. "ಯಾವ ವಿಷಯ ಇಷ್ಟ?" ಅಂತ ಮೊದಲು ಕೇಳುತ್ತಾರೆ. ಈ ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ, ಯಾಕಂದ್ರೆ ಮುಂದಿನದೆಲ್ಲ ಅದರ ಮೇಲೆ. ನಾನು ನಾಯ್ಸ್ ಅಂದೆ. ಅವರು ಕೇಳಿದ್ದು ಹೀಗೆ:

"78 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಉಷ್ಣತೆ ಸುಮಾರು 1500 ಕೆಲ್ವಿನ್ ಅಂದುಕೊಳ್ಳಿ. ಎಡ್ಜಸ್ ಹೇಳಿದ ತಗ್ಗು ಅರ್ಧ ಕೆಲ್ವಿನ್. 1 ಮೆಗಾಹರ್ಟ್ಸ್ ಬ್ಯಾಂಡ್ ಇಟ್ಟುಕೊಂಡು ಎಷ್ಟು ಹೊತ್ತು ಕೇಳಿಸಿಕೊಂಡರೆ ಅದರ ಹತ್ತನೇ ಒಂದು ಭಾಗದಷ್ಟು ನಿಖರತೆ ಸಿಗುತ್ತದೆ?"

ರೇಡಿಯೋಮೀಟರ್ ಸಮೀಕರಣ ನಿಮಗೆ ಗೊತ್ತಿರುತ್ತದೆ. ಉಷ್ಣತೆಯನ್ನು, ಬ್ಯಾಂಡ್‌ವಿಡ್ತ್ ಮತ್ತು ಸಮಯದ ಗುಣಲಬ್ಧದ ವರ್ಗಮೂಲದಿಂದ ಭಾಗಿಸಬೇಕು. 1500ನ್ನು 0.05ರಿಂದ ಭಾಗಿಸಿದರೆ 30,000. ಅದರ ವರ್ಗ 90 ಕೋಟಿ. 10 ಲಕ್ಷ ಹರ್ಟ್ಸ್‌ನಿಂದ ಭಾಗಿಸಿ, 900 ಸೆಕೆಂಡ್. ಹದಿನೈದೇ ನಿಮಿಷ! ಬೋರ್ಡ್ ಮೇಲೆ ಬರೆದು ತಿರುಗಿದೆ. ಅಲ್ಲಿ ಕೂತಿದ್ದವರಲ್ಲಿ ಒಬ್ಬರು "ಹದಿನೈದು ನಿಮಿಷದ ಕೆಲಸಕ್ಕೆ ಇಷ್ಟು ವರ್ಷ ಜಗಳ ಯಾಕೆ ನಡೀತಿದೆ?" ಅಂದರು.

ನಿಜವಾದ ಪ್ರಶ್ನೆ ಇದು. ಇದಕ್ಕೆ ಎಂಎಸ್ಸಿಯವರಿಗಿಂತ ನೀವು ಚೆನ್ನಾಗಿ ಉತ್ತರಿಸಬಲ್ಲಿರಿ. ಜಗಳ ಇರೋದು ರ‍್ಯಾಂಡಮ್ ನಾಯ್ಸ್ ಜೊತೆಗಲ್ಲ. ಆಂಟೆನಾದ ಮ್ಯಾಚಿಂಗ್ ಆವರ್ತನದ ಜೊತೆ ಚೂರು ಏರಿಳಿದರೂ, ಕೆಳಗಿನ ಮಣ್ಣಿನ ಪದರಗಳಿಂದ ಚೂರು ಪ್ರತಿಫಲನ ಬಂದರೂ, ಸ್ಪೆಕ್ಟ್ರಂನಲ್ಲಿ ಏರುತಗ್ಗು ಮೂಡುತ್ತದೆ. 1500 ಕೆಲ್ವಿನ್‌ನ ಮೇಲೆ ಮೂರು ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸವಾದರೆ ಸಾಕು, ಅದೇ ಅರ್ಧ ಕೆಲ್ವಿನ್. ಎಷ್ಟು ಹೊತ್ತು ಸರಾಸರಿ ತೆಗೆದರೂ ಅದು ಹೋಗಲ್ಲ. ಸರಸ್‌ನವರು ನೀರಿಗೆ ಇಳಿದಿದ್ದು ಇದಕ್ಕೇ. ಮಣ್ಣಿನ ಥರ ನೀರಿನಲ್ಲಿ ಪದರ ಪದರ ಇರಲ್ಲ, ಆಂಟೆನಾ ಕೆಳಗೆ ಎಲ್ಲ ಒಂದೇ ಸಮ.

ಗೊತ್ತಿಲ್ಲದ್ದು ಬಂದರೆ ಗೊತ್ತಿಲ್ಲ ಅಂತ ಹೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. "ಇದು ಗೊತ್ತಿಲ್ಲ, ಆದರೆ ಇದರ ಆಯಾಮ ಹೀಗಿರಬೇಕು, ಉಷ್ಣತೆ ಸೊನ್ನೆಯಾದರೆ ಹೀಗಾಗಬೇಕು" ಅಂತ ಜೋರಾಗಿ ಯೋಚಿಸಿ. ಅವರು ಸುಳಿವು ಕೊಡುತ್ತಾರೆ. ಸುಳಿವು ಕೊಟ್ಟಾಗ ಹಿಡಿಯುವವರು ಬೇಕು ಅವರಿಗೆ.

ಕೆಲಸ ಈಗಲೇ ಬಿಡಬೇಡಿ. ಟಿಐಎಫ್‌ಆರ್, ಜೆಸ್ಟ್, ಗೇಟ್ ಮೂರರದ್ದೂ ಹಳೆಯ ಪ್ರಶ್ನೆಪತ್ರಿಕೆ ಅವರವರ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಮೊದಲ ಪತ್ರಿಕೆ ಈ ಭಾನುವಾರವೇ ಗಡಿಯಾರ ಇಟ್ಟು ಬರೀರಿ. ಅಂಕ ಕೆಟ್ಟದಾಗಿ ಬರುತ್ತದೆ, ಬರಲಿ. ಯಾವ ಪ್ರಶ್ನೆಯನ್ನು ಓದಿಯೂ ಏನು ಕೇಳುತ್ತಿದ್ದಾರೆ ಅಂತಲೇ ಗೊತ್ತಾಗಲಿಲ್ಲವೋ ಅದನ್ನು ಮಾತ್ರ ಗುರುತು ಹಾಕಿ. ಅದೇ ನಿಮ್ಮ ಸಿಲಬಸ್.

ಹಿನ್ನೀರ_ಹುಡುಗಿ

ಸರ್, ಬಳೆ ಮಣಿ ಲೆಕ್ಕ ಮಾಡಿದೆ. ಕೋನವನ್ನು ತಳದಿಂದ ಅಳೆದೆ. ತಿರುಗುವ ವೇಗದ ವರ್ಗವು ಜಿ ಭಾಗಿಸು ತ್ರಿಜ್ಯಕ್ಕಿಂತ ಜಾಸ್ತಿಯಾದಾಗ ಮಣಿ ಮೇಲೇಳುತ್ತದೆ. ಸೆಕೆಂಡಿಗೆ 9.9 ರೇಡಿಯನ್, ಅಂದರೆ ನಿಮಿಷಕ್ಕೆ 94.5 ಸುತ್ತು. ಪೋಲ್ ಕೂಡ ನೋಡಿದೆ. ವೇಗ ಕಡಿಮೆ ಇದ್ದಾಗ ಎರಡೂ ಇಮ್ಯಾಜಿನರಿ ಅಕ್ಷದ ಮೇಲೆ. ವೇಗ ಹೆಚ್ಚಿದ ಹಾಗೆ ಮೂಲಬಿಂದುವಿನ ಕಡೆಗೆ ಹತ್ತಿರ ಹತ್ತಿರ ಬಂದು, ಅಲ್ಲಿ ಸೇರಿ, ಆಮೇಲೆ ರಿಯಲ್ ಅಕ್ಷದ ಮೇಲೆ ಒಂದು ಎಡಕ್ಕೆ ಒಂದು ಬಲಕ್ಕೆ. ಬಲಕ್ಕೆ ಹೋಗಿದ್ದೇ ಅಸ್ಥಿರ, ಅಲ್ವಾ? ಇದನ್ನು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಎಷ್ಟು ಸಲ ಬರೆದಿದ್ದೆ, ಮಣಿ ಅಂತ ಯಾರೂ ಹೇಳಿರಲಿಲ್ಲ.

ಒಂದು ಕಡೆ ಸಿಕ್ಕಿಕೊಂಡೆ. ಲಗ್ರಾಂಜಿಯನ್‌ನಿಂದ ಹ್ಯಾಮಿಲ್ಟೋನಿಯನ್ ತೆಗೆದರೆ ಅದು ಒಟ್ಟು ಶಕ್ತಿಗೆ ಸಮ ಬರುತ್ತಿಲ್ಲ. ತಿರುಗುವ ಭಾಗದ ಚಿಹ್ನೆ ಉಲ್ಟಾ ಇದೆ. ಎಲ್ಲಿ ತಪ್ಪಿದೆ?

ಚಾಕ್‌ಪೀಸ್_ಮೇಡಂ

ಎಲ್ಲೂ ತಪ್ಪಿಲ್ಲ. ಬಳೆಯನ್ನು ಅದೇ ವೇಗದಲ್ಲಿ ತಿರುಗಿಸುತ್ತಾ ಇರಲು ಹೊರಗಿನ ಮೋಟರ್ ಕೆಲಸ ಮಾಡುತ್ತಿದೆ. ಹಾಗಾಗಿ ಮಣಿಯ ಒಟ್ಟು ಶಕ್ತಿ ಉಳಿಯುವುದಿಲ್ಲ, ಹ್ಯಾಮಿಲ್ಟೋನಿಯನ್ ಮಾತ್ರ ಉಳಿಯುತ್ತದೆ. ಎರಡೂ ಯಾವಾಗಲೂ ಒಂದೇ ಅಂತ ನಮ್ಮ ಬಿಎಸ್ಸಿ ಹುಡುಗರು ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ನೀವು ಲೆಕ್ಕ ಮಾಡಿ ಕಂಡುಕೊಂಡಿರಿ, ಒಳ್ಳೆಯದು.

ಆಂಟೆನಾ_ಅಣ್ಣ

ನಾನು ಹೇಳಬೇಕಾಗಿದ್ದನ್ನು ಮೇಡಂ ಹೇಳಿಬಿಟ್ಟರು. ಪೋಲ್ ವಿಷಯ ಪೂರ್ತಿ ಸರಿ. ಈಗ ಮಣಿ ಬದಿಯಲ್ಲಿ ನಿಂತ ಆ ಹೊಸ ಜಾಗದ ಸುತ್ತ ಸಣ್ಣ ತೂಗಾಟದ ಆವರ್ತನ ತೆಗೀರಿ. ಉತ್ತರ, ತಿರುಗುವ ವೇಗವನ್ನು ಆ ಕೋನದ ಸೈನ್‌ನಿಂದ ಗುಣಿಸಿದಷ್ಟು ಬರಬೇಕು. ಬರದಿದ್ದರೆ ಹಾಳೆಯ ಫೋಟೊ ಇಲ್ಲೇ ಹಾಕಿ, ರಾತ್ರಿ ನೋಡುತ್ತೇನೆ.